ಚಳಿಗಾಲದ ಕೊನೆಯ ಹಿಮ: ಗುಲ್ಮಾರ್ಗ್‌ನಲ್ಲಿ ಸ್ಕೀ ಕಟ್ಟಿ ಬೆಟ್ಟ ಹತ್ತುವವರಿಗೆ

ಕಾಶ್ಮೀರದ ಜನ ಚಳಿಗಾಲವನ್ನು ಮೂರು ಪಾಲು ಮಾಡಿಕೊಂಡಿದ್ದಾರೆ. ಡಿಸೆಂಬರ್ 21ಕ್ಕೆ ಶುರುವಾಗುವ 40 ದಿನ ಚಿಲ್ಲೈ ಕಲಾನ್, ಆಮೇಲಿನ 20 ದಿನ ಚಿಲ್ಲೈ ಖುರ್ದ್, ಕೊನೆಯ 10 ದಿನ ಚಿಲ್ಲೈ ಬಚ್ಚಾ. ಈ ಲೆಕ್ಕದಲ್ಲಿ ಮಾರ್ಚ್ ಹುಟ್ಟುವ ಹೊತ್ತಿಗೆ ಚಳಿಗಾಲ ಮುಗಿಯಿತು. ಶ್ರೀನಗರದಲ್ಲಿ ಬಾದಾಮಿ ಮರಗಳು ಹೂಬಿಡಲು ಅಣಿಯಾಗುತ್ತವೆ. ಅಲ್ಲಿಂದ ಸುಮಾರು 50 ಕಿ.ಮೀ. ದೂರದ ಗುಲ್ಮಾರ್ಗ್‌ನಲ್ಲಿ ಮಾತ್ರ, ಸ್ಕೀ ಕಟ್ಟಿಕೊಂಡು ಸ್ವಂತ ಕಾಲಿನ ಬಲದಿಂದ ಬೆಟ್ಟ ಹತ್ತುವವರಿಗೆ ಒಳ್ಳೆಯ ದಿನಗಳು ಬರುವುದೇ ಆಗ. ಹಗಲು ಉದ್ದವಾಗಿರುತ್ತದೆ, ಚಳಿ ಮೂಳೆ ಕೊರೆಯುವುದಿಲ್ಲ, ಜನವರಿಯಿಂದ ಬಿದ್ದ ಹಿಮ ಒತ್ತಾಗಿ ಕುಳಿತಿರುತ್ತದೆ. 2025ರ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳ ಗುಲ್ಮಾರ್ಗ್ ಸ್ಪರ್ಧೆಗಳು ಫೆಬ್ರವರಿಯಲ್ಲಿ ಹಿಮ ಸಾಲದೆ ಮುಂದಕ್ಕೆ ಹೋಗಿ, ಮಾರ್ಚ್ ಎರಡನೇ ವಾರದಲ್ಲಿ ನಡೆದವು. ಇತ್ತೀಚಿನ ವರ್ಷಗಳಲ್ಲಿ ಹಿಮ ತಡವಾಗಿ ಬರುವುದನ್ನು ನೋಡಿದರೆ, ನಮ್ಮ ಕಡೆಯಿಂದ ಹೋಗುವವರು ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗಿನ ದಿನಗಳನ್ನು ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಸ್ಕೀ ಟೂರಿಂಗ್ ನೋಡದವರಿಗೆ ಎರಡು ಮಾತು. ಸಾಮಾನ್ಯ ಸ್ಕೀಯಿಂಗ್‌ನಲ್ಲಿ ಯಂತ್ರ ನಮ್ಮನ್ನು ಮೇಲಕ್ಕೆ ಒಯ್ಯುತ್ತದೆ, ನಾವು ಜಾರಿ ಇಳಿಯುತ್ತೇವೆ. ಟೂರಿಂಗ್‌ನಲ್ಲಿ ಹತ್ತುವುದೂ ನಮ್ಮ ಪಾಲಿನದೇ. ಬೂಟಿನ ಮುಂತುದಿ ಸ್ಕೀಗೆ ಕಚ್ಚಿಕೊಂಡಿರುತ್ತದೆ, ಹಿಮ್ಮಡಿ ಬಿಡುವಾಗಿ ಮೇಲೇಳುತ್ತದೆ. ಸ್ಕೀ ಅಡಿಗೆ ಸ್ಕಿನ್ ಎಂಬ ಉದ್ದನೆಯ ಪಟ್ಟಿ ಅಂಟಿಸುತ್ತಾರೆ. ಅದರ ಕೂದಲು ಹಿಂದಕ್ಕೆ ಬಾಗಿರುವುದರಿಂದ ಸ್ಕೀ ಮುಂದಕ್ಕೆ ಸರಿಯುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಹಿಂದೆ ಇದಕ್ಕೆ ಸೀಲ್ ಪ್ರಾಣಿಯ ಚರ್ಮ ಬಳಸುತ್ತಿದ್ದರು, ಈಗ ಮೊಹೇರ್ ಅಥವಾ ನೈಲಾನ್. ಮೇಲೆ ತಲುಪಿದ ಮೇಲೆ ಪಟ್ಟಿ ಕಿತ್ತು ಮಡಚಿ ಜಾಕೆಟ್ಟಿನೊಳಗೆ ಇಟ್ಟು, ಹಿಮ್ಮಡಿ ಬಿಗಿದು ಇಳಿಯಬೇಕು. ಒಂದು ಗಂಟೆಗೆ 300 ಮೀಟರ್ ಎತ್ತರ ಗಳಿಸಿದರೆ ಅದು ಒಳ್ಳೆಯ ನಡಿಗೆ.

ಕೆಲಸ ಇಷ್ಟು ಸರಳವಾಗಿ ಕಂಡರೂ ಇದನ್ನು ಕಲಿಯಲು ಹೊರಡುವವರಿಗೆ ನಾನು ಮೊದಲು ಹೇಳುವುದು ಸಲಕರಣೆಯ ಬಗ್ಗೆ ಅಲ್ಲ, ವಾಪಸಿನ ವಿಮಾನ ಟಿಕೆಟ್ಟಿನ ಬಗ್ಗೆ. ಬೆಂಗಳೂರಿನಿಂದ ಐದು ದಿನ ರಜೆ ಹಾಕಿ, ಎರಡೂ ಕಡೆಯ ಟಿಕೆಟ್ಟು ಮಾಡಿಸಿಕೊಂಡು ಬರುವವರ ಚೀಲದಲ್ಲಿ ಅದಕ್ಕಿಂತ ಅಪಾಯದ ವಸ್ತು ಇನ್ನೊಂದಿಲ್ಲ. ಕಾರಣವನ್ನು ತಿಳಿಯಬೇಕಾದರೆ ಹಿಮ ಹೇಗೆ ಕೂರುತ್ತದೆ, ಹೇಗೆ ಕುಸಿಯುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು.

ಹಿಮದ ಒಳಗೇನಿದೆ

ಗುಲ್ಮಾರ್ಗ್ ಇರುವುದು ಪೀರ್ ಪಂಜಾಲ್ ಶ್ರೇಣಿಯಲ್ಲಿ. ಪಶ್ಚಿಮದಿಂದ ಬರುವ ಹವಾಮಾನದ ಅಲೆಗಳು, ಅಂದರೆ ವೆಸ್ಟರ್ನ್ ಡಿಸ್ಟರ್ಬೆನ್ಸ್, ಮೊದಲು ಡಿಕ್ಕಿ ಹೊಡೆಯುವ ಗೋಡೆಗಳಲ್ಲಿ ಇದೂ ಒಂದು. ಒಂದು ಅಲೆ ಬಂದರೆ ಒಂದೆರಡು ದಿನ ಎಡೆಬಿಡದೆ ಹಿಮ ಬೀಳಬಹುದು. ನಂತರ ಆಕಾಶ ತೊಳೆದಿಟ್ಟಂತೆ ತಿಳಿಯಾಗುತ್ತದೆ. ಹೊಸಬರ ಮನಸ್ಸು ಕುಣಿಯುವುದು ಆ ತಿಳಿ ಬೆಳಗಿನಲ್ಲೇ. ಆದರೆ ಹಿಮಕುಸಿತಗಳು ಹೆಚ್ಚಾಗಿ ಆಗುವುದು ಹಿಮ ಬೀಳುವಾಗ ಮತ್ತು ನಿಂತ ನಂತರದ ಒಂದೆರಡು ದಿನಗಳಲ್ಲಿ. ಹೊಸ ಹಿಮದ ಭಾರಕ್ಕೆ ಹಳೆಯ ಪದರಗಳು ಇನ್ನೂ ಹೊಂದಿಕೊಂಡಿರುವುದಿಲ್ಲ. ಬೆಟ್ಟದ ಬೆನ್ನಿನ ಮೇಲೆ ಗಾಳಿ ಬೀಸಿದ್ದರೆ ಮರೆಯ ಕಡೆ ಹಿಮ ಗಟ್ಟಿ ಹಲಗೆಯಾಗಿ ಕಟ್ಟಿರುತ್ತದೆ. ಮೇಲಿಂದ ನೋಡಿದರೆ ನಯವಾಗಿ, ತುಂಬಿಕೊಂಡಂತೆ ಕಾಣುವ ಜಾಗವೇ ಅದು.

ಹಲಗೆ ಜಾರಬೇಕಾದರೆ ಅದರಡಿ ಒಂದು ದುರ್ಬಲ ಪದರ ಬೇಕು. ಮೋಡವಿಲ್ಲದ ಚಳಿ ರಾತ್ರಿಗಳು ಹಲವು ಕಳೆದರೆ ಹಿಮದ ಹರಳುಗಳು ಒಂದಕ್ಕೊಂದು ಅಂಟದೆ ಹುರಿದ ರವೆಯಂತೆ ಬಿಡಿಬಿಡಿಯಾಗುತ್ತವೆ. ಅದರ ಮೇಲೆ ಮುಂದಿನ ಹಿಮ ಬಿದ್ದು ಹಲಗೆ ಕಟ್ಟಿತೆಂದರೆ, ಒಬ್ಬ ಮನುಷ್ಯನ ತೂಕ ಸಾಕು. ಒಂದು ಕಡೆ ಬಿರುಕು ಬಿಟ್ಟದ್ದು ಕ್ಷಣದಲ್ಲಿ ಇಡೀ ಇಳಿಜಾರಿಗೆ ಹರಡುತ್ತದೆ. ಹಿಮಕುಸಿತದಲ್ಲಿ ಸಿಕ್ಕಿಬಿದ್ದವರಲ್ಲಿ ಬಹುಪಾಲು ಮಂದಿಯ ವಿಷಯದಲ್ಲಿ ಅದನ್ನು ಎಬ್ಬಿಸಿದ್ದು ಅವರೇ, ಇಲ್ಲವೇ ಅವರ ಗುಂಪಿನ ಇನ್ನೊಬ್ಬರು. ಬೆಟ್ಟ ತಾನಾಗಿ ಬಂದು ಮೇಲೆ ಬೀಳುವುದು ಅಪರೂಪ.

ಇಳಿಜಾರಿನ ಕೋನವನ್ನು ನೆನಪಿಡಿ. ಇಂಥ ಹಲಗೆ ಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿ ನಡುವೆ ಆಗುತ್ತವೆ. ಸ್ಕೀ ಮಾಡಲು ಎಲ್ಲರಿಗೂ ಇಷ್ಟವಾಗುವ ಇಳಿಜಾರೂ ಅದೇ ಅಳತೆಯದು. ಮೊಬೈಲಿನಲ್ಲಿ ಕೋನ ಅಳೆಯುವ ಸೌಲಭ್ಯ ಇರುತ್ತದೆ. ಸ್ಕೀ ಕೋಲನ್ನು ಹಿಮದ ಮೇಲೆ ಮಲಗಿಸಿ ಅದರ ಮೇಲೆ ಮೊಬೈಲ್ ಇಟ್ಟರೆ ಲೆಕ್ಕ ಸಿಗುತ್ತದೆ. ಮೊದಲ ವರ್ಷ 30 ಡಿಗ್ರಿ ದಾಟದ ಇಳಿಜಾರುಗಳಲ್ಲೇ ಓಡಾಡಿ. ನೀವು ನಿಂತ ಜಾಗ ಸಪಾಟಾಗಿದ್ದರೂ ತಲೆಯ ಮೇಲೆ ಕಡಿದಾದ ಇಳಿಜಾರಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಗೈಡ್ ಒಬ್ಬರು ಹಿಮ ಅಗೆದು ನೋಡುವುದನ್ನು ಹತ್ತಿರ ನಿಂತು ಗಮನಿಸಿದರೆ ಅರ್ಧ ಪಾಠವಾದಂತೆ. ನಾನು ನೋಡಿದ ಹಿರಿಯರೊಬ್ಬರು ಜಾಗ ಆರಿಸಲಿಕ್ಕೇ ಬಹಳ ಹೊತ್ತು ತೆಗೆದುಕೊಂಡರು. ಮುಂದೆ ದಾಟಬೇಕಾದ ಇಳಿಜಾರಿನಷ್ಟೇ ಎತ್ತರ, ಅದೇ ದಿಕ್ಕು, ಆದರೆ ಕುಸಿದರೂ ಯಾರನ್ನೂ ಒಯ್ಯದ ಪುಟ್ಟ ಜಾಗ. ಎದೆಯುದ್ದ ಗುಂಡಿ ತೋಡಿ, ಗೋಡೆಯನ್ನು ಸಲಿಕೆಯಿಂದ ನಯವಾಗಿ ಸವರಿದರು. ಕೈಗವಸು ತೆಗೆದು ಬೆರಳನ್ನು ಮೇಲಿನಿಂದ ಕೆಳಕ್ಕೆ ಒತ್ತುತ್ತಾ ಬಂದರು. ಒಂದು ಕಡೆ ಮುಷ್ಟಿಯೇ ಒಳಗೆ ಹೋಯಿತು. ಅದರ ಕೆಳಗೆ ಬೆರಳೂ ಇಳಿಯದ ಗಟ್ಟಿ ಪದರ, ಮತ್ತೆ ಕೆಳಗೆ ಬೆರಳು ಸಲೀಸಾಗಿ ತೂರುವ ಪುಡಿ. ಆಮೇಲೆ 90 ಸೆಂ.ಮೀ. ಅಗಲ, 30 ಸೆಂ.ಮೀ. ಆಳದ ಹಿಮದ ಕಂಬವನ್ನು ಹಗ್ಗದಿಂದ ಕೊಯ್ದು ಬೇರ್ಪಡಿಸಿದರು. ಅದರ ಒಂದು ತುದಿಯ ಮೇಲೆ ಸಲಿಕೆ ಇಟ್ಟು ಮಣಿಕಟ್ಟಿನಿಂದ ಹತ್ತು ಸಲ, ಮೊಣಕೈಯಿಂದ ಹತ್ತು ಸಲ, ಭುಜದಿಂದ ಹತ್ತು ಸಲ ತಟ್ಟುವುದು ಕ್ರಮ. ಅವರು ಮೊಣಕೈಯ ಸರದಿಯ ನಡುವಿನಲ್ಲಿದ್ದಾಗಲೇ ಕಂಬದ ಮೇಲ್ಭಾಗ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸೀಳಿ, ಮುಂದಕ್ಕೆ ಜಾರಿ ಗುಂಡಿಗೆ ಬಿತ್ತು. ಬಿರುಕು ಹೀಗೆ ಕಂಬದುದ್ದಕ್ಕೂ ಓಡಿತೆಂದರೆ ಆ ದಿನ ಆ ದಿಕ್ಕಿನ ಕಡಿದಾದ ಇಳಿಜಾರು ಬೇಡ ಎಂದರ್ಥ. ಅವರು ಗುಂಡಿ ಮುಚ್ಚಿದರು, ನಾವು ಬಂದ ದಾರಿಯಲ್ಲೇ ಕಾಡಿನ ಕಡೆಗೆ ತಿರುಗಿದೆವು.

ಬಿರುಕು ಓಡದಿದ್ದರೆ ಜಾಗ ಸುರಕ್ಷಿತ ಎಂದು ಮಾತ್ರ ತೀರ್ಮಾನಿಸಬೇಡಿ. ಒಂದು ಗುಂಡಿ ಹೇಳುವುದು ಆ ಒಂದು ಗುಂಡಿಯ ಕತೆ. ಹತ್ತು ಹೆಜ್ಜೆ ಆಚೆ ಪದರಗಳು ಬೇರೆಯೇ ಇರಬಹುದು.

ಗಡಿಯಾರ

ಮಾರ್ಚ್ ಬಂದಂತೆ ಅಪಾಯದ ಸ್ವಭಾವ ಬದಲಾಗುತ್ತದೆ. ಗಾಳಿ ಮತ್ತು ಹೊಸ ಹಿಮದ ಜೊತೆಗೆ ಬಿಸಿಲು ಸೇರಿಕೊಳ್ಳುತ್ತದೆ. ತಿಳಿ ರಾತ್ರಿಯಲ್ಲಿ ಹಿಮದ ಮೇಲ್ಮೈ ಹೆಪ್ಪುಗಟ್ಟಿ ಕಲ್ಲಾಗುತ್ತದೆ. ಬೆಳಗಿನ ಬಿಸಿಲಿಗೆ ಮೇಲಿನ ಒಂದೆರಡು ಸೆಂ.ಮೀ. ಮೆತ್ತಗಾದಾಗ ಸ್ಕೀ ಮಾಡಲು ಅದಕ್ಕಿಂತ ಸುಖದ ಹಿಮ ಇನ್ನೊಂದಿಲ್ಲ. ಇದಕ್ಕೆ ಕಾರ್ನ್ ಸ್ನೋ ಎನ್ನುತ್ತಾರೆ. ಇನ್ನೂ ಒಂದೆರಡು ಗಂಟೆ ಕಳೆದರೆ ನೀರು ಒಳಪದರಗಳಿಗೆ ಇಳಿದು, ಅದೇ ಇಳಿಜಾರು ಒದ್ದೆ ಹಿಮದ ಕುಸಿತಕ್ಕೆ ಸಿದ್ಧವಾಗುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ನಂಬಬಹುದಾದ ಜಾಗವನ್ನು ಮಧ್ಯಾಹ್ನಕ್ಕೆ ನಂಬುವಂತಿಲ್ಲ.

ಸ್ಕೀ ಟೂರಿಂಗ್ ಕುರಿತ ಪುಸ್ತಕ, ವಿಡಿಯೊಗಳು ಬಹುಪಾಲು ಆಲ್ಪ್ಸ್‌ ಮತ್ತು ಉತ್ತರ ಅಮೆರಿಕದವು. ಅಲ್ಲಿನ ಸಮಯದ ಸೂತ್ರಗಳನ್ನು ಹಾಗೇ ತಂದು ಇಲ್ಲಿ ಅಂಟಿಸಬಾರದು. ಮಾರ್ಚ್ 20ರ ಸುಮಾರಿಗೆ ಫ್ರಾನ್ಸಿನ ಶಾಮೊನಿಯಲ್ಲಿ ನಡುಹಗಲಿನ ಸೂರ್ಯ ದಿಗಂತದಿಂದ ಸುಮಾರು 44 ಡಿಗ್ರಿ ಮೇಲಿದ್ದರೆ, ಗುಲ್ಮಾರ್ಗ್‌ನಲ್ಲಿ 56 ಡಿಗ್ರಿಯಷ್ಟು ಎತ್ತರದಲ್ಲಿರುತ್ತಾನೆ. ಅಲ್ಲಿ ಏಪ್ರಿಲ್ ಕೊನೆಯಲ್ಲಿ ಬೀಳುವ ಬಿಸಿಲು ಇಲ್ಲಿ ಮಾರ್ಚ್‌ನಲ್ಲೇ ಬೀಳುತ್ತದೆ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಮೊದಲು ಕಾಯುತ್ತದೆ, ಆಮೇಲೆ ದಕ್ಷಿಣದ್ದು, ಸಂಜೆಗೆ ಪಶ್ಚಿಮದ್ದು. ಉತ್ತರದ ಮುಖ ಕೊನೆಯವರೆಗೂ ತಣ್ಣಗಿದ್ದು, ಹಳೆಯ ದುರ್ಬಲ ಪದರಗಳನ್ನು ಒಳಗೆ ಉಳಿಸಿಕೊಂಡಿರುತ್ತದೆ.

ಇಲ್ಲೊಂದು ತೊಡಕಿದೆ. ಗುಲ್ಮಾರ್ಗ್‌ನ ಗೊಂಡೊಲಾ, ಅಂದರೆ ಕೇಬಲ್ ಕಾರ್, ಚಲಿಸಲು ಶುರುವಾಗುವುದು ಬೆಳಿಗ್ಗೆ ಒಂಬತ್ತು ಹತ್ತರ ಹೊತ್ತಿಗೆ. ಸಾಲು ಮುಗಿದು, ಎರಡನೇ ಹಂತಕ್ಕೆ ಬದಲಿಸಿ ಮೇಲೆ ಮುಟ್ಟುವಷ್ಟರಲ್ಲಿ ಪೂರ್ವದ ಇಳಿಜಾರುಗಳ ಒಳ್ಳೆಯ ಹೊತ್ತು ಅರ್ಧ ಮುಗಿದಿರುತ್ತದೆ. ಮಾರ್ಚ್ ಮಧ್ಯದಿಂದಾಚೆಗೆ ಬಿಸಿಲು ಬೀಳುವ ಕಡೆ ಹೋಗುವುದಾದರೆ ಯಂತ್ರವನ್ನು ಮರೆತು, ಬೆಳಕು ಹರಿಯುವ ಮೊದಲೇ ತಲೆದೀಪ ಕಟ್ಟಿ, ಹಳ್ಳಿಯಿಂದಲೇ ಸ್ಕಿನ್ ಹಾಕಿ ನಡೆಯಬೇಕು. ಇಳಿಯುವ ಗಂಟೆಯನ್ನು ಮೊದಲು ಗೊತ್ತು ಮಾಡಿ, ಹತ್ತಲು ಬೇಕಾದ ಸಮಯವನ್ನು ಅದರಿಂದ ಕಳೆದರೆ ಹೊರಡುವ ಗಂಟೆ ಸಿಗುತ್ತದೆ. 900 ಮೀಟರ್ ಎತ್ತರಕ್ಕೆ ಮೂರು ಗಂಟೆ, ಅದರ ಮೇಲೆ ವಿಶ್ರಾಂತಿಗೂ ಅಡಚಣೆಗೂ ಇನ್ನೊಂದು ಗಂಟೆ. ಹತ್ತಕ್ಕೆ ಇಳಿಯಬೇಕೆಂದರೆ ಆರಕ್ಕೆ ಹೊರಟಿರಬೇಕು. ಅರ್ಧ ದಾರಿಯಲ್ಲಿ ಗಡಿಯಾರ ಹಿಂದೆ ಬಿದ್ದಿದ್ದರೆ ಶಿಖರ ಎಷ್ಟು ಹತ್ತಿರ ಕಂಡರೂ ಅಲ್ಲಿಂದಲೇ ತಿರುಗಬೇಕು. ರಾತ್ರಿ ಮೋಡ ಕವಿದು ಹಿಮ ಹೆಪ್ಪುಗಟ್ಟದೇ ಇದ್ದರೆ, ಮೊದಲ ಹೆಜ್ಜೆಗೇ ಬೂಟು ಹೂತುಹೋಗುತ್ತದೆ. ಅಂದು ಬಿಸಿಲು ಮುಖದ ಇಳಿಜಾರಿಗೆ ಹೋಗುವ ಯೋಚನೆಯನ್ನೇ ಬಿಡಿ.

ಅಫರ್ವಾತ್‌ನ ನಕ್ಷೆ

ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಗೊಂಡೊಲಾದ ಮೊದಲ ಹಂತ ಸುಮಾರು 3,100 ಮೀಟರ್‌ನ ಕೊಂಗ್ಡೂರಿಗೆ ಒಯ್ಯುತ್ತದೆ. 2005ರಲ್ಲಿ ಶುರುವಾದ ಎರಡನೇ ಹಂತ ಅಫರ್ವಾತ್ ಬೆಟ್ಟದ ಹೆಗಲಿಗೆ, ಸುಮಾರು 3,950 ಮೀಟರ್‌ಗೆ. ಮೇಲಿನ ನಿಲ್ದಾಣದಿಂದ ನೇರ ಕೆಳಗಿನ ದೊಡ್ಡ ಬೋಗುಣಿಯನ್ನು ಸ್ಕೀ ಪ್ಯಾಟ್ರೋಲ್ ಎಂಬ ಕಾವಲು ಪಡೆ ನೋಡಿಕೊಳ್ಳುತ್ತದೆ. ಅಪಾಯವಿದ್ದ ದಿನ ಮೇಲಿನ ಹಂತವನ್ನೇ ತೆರೆಯುವುದಿಲ್ಲ. ಆ ವಲಯ ದಾಟಿ ಎಡಕ್ಕೋ ಬಲಕ್ಕೋ ಬೆಟ್ಟದ ಬೆನ್ನು ಹಿಡಿದು ಹೋದರೆ ಅಲ್ಲಿಂದಾಚೆ ಯಾರ ಕಾವಲೂ ಇಲ್ಲ. ಗೊಂಡೊಲಾ ಹತ್ತಿರದಲ್ಲೇ ಕಾಣುತ್ತಿರುವುದರಿಂದ ಹೊಸಬರಿಗೆ ಈ ಗೆರೆ ದಾಟಿದ್ದೇ ತಿಳಿಯುವುದಿಲ್ಲ.

2010ರ ಫೆಬ್ರವರಿ 8ರಂದು ಖಿಲನ್‌ಮರ್ಗ್ ಬಳಿ ತರಬೇತಿಯಲ್ಲಿದ್ದ ಸೇನೆಯ 17 ಮಂದಿ ಹಿಮಕುಸಿತಕ್ಕೆ ಬಲಿಯಾದರು. ಹಿಮವನ್ನು ಬಲ್ಲ ಪಡೆ ಅದು. 2023ರ ಫೆಬ್ರವರಿ 1ರಂದು ಅಫರ್ವಾತ್‌ನಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರವರಿ 22ರಂದು ರಷ್ಯಾದ ಒಬ್ಬರು ಸ್ಕೀ ಮಾಡುವಾಗ ಸತ್ತರು. ಇವು ದೂರದ ಯಾವುದೋ ಕಣಿವೆಯಲ್ಲಿ ನಡೆದವಲ್ಲ, ಪ್ರವಾಸಿಗರು ಕಹ್ವಾ ಕುಡಿಯುತ್ತಾ ಕೂರುವ ಜಾಗದಿಂದ ಕಣ್ಣಳತೆಯಲ್ಲಿರುವ ಬೆಟ್ಟದಲ್ಲೇ ಆದವು.

ರಕ್ಷಣಾ ಸಂಶೋಧನೆಯ ಡಿಜಿಆರ್‌ಇ ಸಂಸ್ಥೆ ಹಿಮಾಲಯಕ್ಕೆ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. ಅದು ವಿಸ್ತಾರವಾದ ಪ್ರದೇಶಕ್ಕೆ ಸೇರಿದ್ದು. ಸ್ಥಳೀಯವಾಗಿ ಪ್ಯಾಟ್ರೋಲ್ ಏನು ಹೇಳುತ್ತದೆ ಎಂಬುದನ್ನು ಪ್ರತಿ ಬೆಳಿಗ್ಗೆ ಕೇಳಿಕೊಳ್ಳಿ. ಅಪಾಯವನ್ನು ಒಂದರಿಂದ ಐದರವರೆಗೆ ಅಳೆಯುವ ರೂಢಿಯಿದೆ. ನಡುವಿನ ಮೂರನ್ನು ಜನ ‘ಪರವಾಗಿಲ್ಲ’ ಎಂದುಕೊಳ್ಳುತ್ತಾರೆ. ನಾಲ್ಕು, ಐದಿದ್ದಾಗ ಹೊರಗೆ ಹೋಗುವವರು ಕಡಿಮೆ. ಸಾವುಗಳು ಹೆಚ್ಚು ಆಗುವುದು ಮೂರಿದ್ದಾಗಲೇ.

ಗೈಡ್ ಯಾಕೆ ಬೇಕು

1820ರ ಆಗಸ್ಟ್‌ನಲ್ಲಿ ಜೋಸೆಫ್ ಹ್ಯಾಮೆಲ್ ಎಂಬ ರಷ್ಯಾದ ವೈದ್ಯ-ವಿಜ್ಞಾನಿ ಶಾಮೊನಿಯ ಗೈಡ್‌ಗಳನ್ನು ಕಟ್ಟಿಕೊಂಡು ಮೋಂಟ್ ಬ್ಲಾಂಕ್ ಹತ್ತಲು ಹೊರಟ. ಹವಾಮಾನ ಕೆಟ್ಟು, ಹೊಸ ಹಿಮ ಬಿದ್ದಿತ್ತು. ಗೈಡ್‌ಗಳಿಗೆ ಹಿಂದಿರುಗುವ ಮನಸ್ಸಿತ್ತು, ಹ್ಯಾಮೆಲ್‌ಗೆ ಮೇಲೆ ಹೋಗಲೇಬೇಕಿತ್ತು. ಹಿಮ ಕುಸಿದು ಮೂವರು ಗೈಡ್‌ಗಳು ಬಿರುಕಿನಲ್ಲಿ ಹೂತುಹೋದರು. ಅವರ ಅವಶೇಷಗಳು ಹಿಮನದಿಯ ಬುಡದಲ್ಲಿ ಹೊರಬರಲು 1861 ಬರಬೇಕಾಯಿತು. ದುರಂತದ ಮರುವರ್ಷವೇ, 1821ರಲ್ಲಿ, ಶಾಮೊನಿಯ ಗೈಡ್‌ಗಳು ತಮ್ಮದೇ ಸಂಘ ಕಟ್ಟಿಕೊಂಡರು. ಆ ಸಂಘ ಇಂದಿಗೂ ಇದೆ. ಹಣ ಕೊಟ್ಟವನ ಆಸೆಗೂ ಹಿಮ ಬಲ್ಲವನ ಮಾತಿಗೂ ನಡುವಿನ ಜಗ್ಗಾಟ ಈ ವೃತ್ತಿಯಷ್ಟೇ ಹಳೆಯದು, ಇನ್ನೂ ಮುಗಿದಿಲ್ಲ.

ದಾರಿ ತೋರಿಸಲು, ಚೀಲ ಹೊರಲು ಗೈಡ್ ಬೇಕೆಂದು ನಮ್ಮವರು ಅಂದುಕೊಳ್ಳುತ್ತಾರೆ. ದಾರಿಯನ್ನು ಮೊಬೈಲ್ ನಕ್ಷೆಯೂ ತೋರಿಸುತ್ತದೆ. ನೀವು ಕೊಡುವ ಹಣ ಸಲ್ಲುವುದು ‘ಇವತ್ತು ಅತ್ತ ಬೇಡ’ ಎಂಬ ತೀರ್ಮಾನಕ್ಕೆ. ಆ ತೀರ್ಮಾನವನ್ನು ಅವರು ನಿರಾಳವಾಗಿ ಹೇಳುವಂತೆ ಮಾಡುವುದು ನಿಮ್ಮ ಹೊಣೆ. ಮೊದಲ ದಿನವೇ ಸ್ಪಷ್ಟವಾಗಿ ಹೇಳಿಬಿಡಿ: ಹಿಂದಿರುಗಿದ ದಿನಕ್ಕೂ ಪೂರ್ತಿ ಸಂಬಳ, ಬೆಟ್ಟದ ಮೇಲೆ ಅವರ ಮಾತೇ ಕೊನೆ. ಋತುವಿನ ಕೆಲವೇ ವಾರಗಳಲ್ಲಿ ವರ್ಷದ ಸಂಪಾದನೆ ಮಾಡಿಕೊಳ್ಳಬೇಕಾದ ಮನುಷ್ಯನಿಗೆ, ದೂರದಿಂದ ಬಂದವರ ನಿರಾಸೆಯ ಮುಖ ನೋಡಿ ‘ಬೇಡ’ ಎನ್ನುವುದು ಸುಲಭವಲ್ಲ.

ಆರಿಸುವಾಗ ನೇರವಾಗಿ ಕೇಳಿ. ಹಿಮಕುಸಿತದ ತರಬೇತಿ ಎಲ್ಲಿ, ಯಾವ ಹಂತದವರೆಗೆ ಆಗಿದೆ? ಪ್ರಥಮ ಚಿಕಿತ್ಸೆಯ ತರಬೇತಿ ಯಾವಾಗ ಆದದ್ದು? ಕಳೆದ ವಾರ ಯಾವ ಇಳಿಜಾರುಗಳಿಗೆ ಹೋಗಿದ್ದರು, ಅಲ್ಲೇನು ಕಂಡರು? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರದಿಂದಲೇ ಬಹಳ ತಿಳಿಯುತ್ತದೆ. ಬಲ್ಲವರು ಗಾಳಿಯ ದಿಕ್ಕು, ಹಿಮ ಬಿದ್ದ ದಿನ, ಹೂತ ಪದರ ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ. ಅರಿಯದವರು ‘ಚಿಂತೆ ಬೇಡ ಸಾಬ್’ ಎನ್ನುತ್ತಾರೆ. ಅಂತರರಾಷ್ಟ್ರೀಯ ಪರ್ವತ ಗೈಡ್‌ಗಳ ಒಕ್ಕೂಟ 1965ರಲ್ಲಿ ಹುಟ್ಟಿತು. ಬಂಡೆ, ಹಿಮಗಲ್ಲು, ಸ್ಕೀ ಮೂರರಲ್ಲೂ ಪರೀಕ್ಷೆ ದಾಟಿದವರಿಗೆ ಅದರ ಬಿಲ್ಲೆ ಸಿಗುತ್ತದೆ. ಏಷ್ಯಾದಲ್ಲಿ ಜಪಾನ್, ನೇಪಾಳಗಳು ಅದರ ಸದಸ್ಯ ದೇಶಗಳು. ಅಂಥ ಗೈಡ್‌ಗಳು ಋತುವಿನಲ್ಲಿ ಗುಲ್ಮಾರ್ಗ್‌ಗೂ ಬರುತ್ತಾರೆ. ಅವರ ಜೊತೆ ಹೋದರೂ ಅಲ್ಲೇ ಹುಟ್ಟಿ ಬೆಳೆದ ಸ್ಥಳೀಯರೊಬ್ಬರು ಜೊತೆಗಿರಲಿ. ಯಾವ ಗಾಳಿಗೆ ಯಾವ ಕಂದರ ತುಂಬುತ್ತದೆ ಎಂಬುದು ಬಿಲ್ಲೆಯಿಂದ ಬರುವ ಅರಿವಲ್ಲ. ಗುಂಪು ಚಿಕ್ಕದಿರಲಿ. ಒಬ್ಬ ಗೈಡ್‌ಗೆ ನಾಲ್ಕೈದು ಜನಕ್ಕಿಂತ ಹೆಚ್ಚು ಬೇಡ.

ಟಿಕೆಟ್ಟಿನ ಮಾತಿಗೆ ಬಂದರೆ, ಹಿಮ ಬೀಳುವ ಎರಡು ದಿನ ಮತ್ತು ಅದು ಕೂರಲು ಬಿಡಬೇಕಾದ ಎರಡು ದಿನ ಕಳೆದರೆ ಐದು ದಿನದ ರಜೆಯಲ್ಲಿ ಉಳಿಯುವುದು ಒಂದೇ ದಿನ. ‘ಇಷ್ಟು ದೂರ ಬಂದು ಹೋಗದಿದ್ದರೆ ಹೇಗೆ’ ಎಂಬ ಒತ್ತಡ ಹುಟ್ಟುವುದು ಅಲ್ಲೇ. ಕನಿಷ್ಠ ಒಂಬತ್ತು ಹತ್ತು ದಿನ ಇಟ್ಟುಕೊಳ್ಳಿ, ದಿನಾಂಕ ಬದಲಿಸಬಹುದಾದ ಟಿಕೆಟ್ಟು ಕೊಳ್ಳಿ. ಹಿಮ ಬಿದ್ದಾಗ ಶ್ರೀನಗರದ ವಿಮಾನಗಳು ರದ್ದಾಗುವುದೂ ಜಮ್ಮು ಹೆದ್ದಾರಿ ಮುಚ್ಚುವುದೂ ಪ್ರತಿವರ್ಷ ಇದ್ದದ್ದೇ.

ಹೂತವರನ್ನು ತೆಗೆಯಲು ಮೂರು ವಸ್ತು

ಪ್ರತಿಯೊಬ್ಬರ ಬಳಿ ಬೀಕನ್, ಪ್ರೋಬ್, ಸಲಿಕೆ ಇರಲೇಬೇಕು. ಗುಂಪಿಗೊಂದು ಎಂದರೆ ನಡೆಯುವುದಿಲ್ಲ. ಬೀಕನ್ 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕಳಿಸುತ್ತಿರುತ್ತದೆ. ಯಾರಾದರೂ ಹೂತರೆ ಉಳಿದವರು ತಮ್ಮದನ್ನು ಹುಡುಕುವ ಸ್ಥಿತಿಗೆ ಬದಲಿಸಿ ಆ ಸಂಕೇತದ ಬೆನ್ನು ಹತ್ತುತ್ತಾರೆ. ಪ್ರೋಬ್ ಎಂಬ ಮಡಚುವ ಉದ್ದ ಕೋಲಿನಿಂದ ಚುಚ್ಚಿ ಜಾಗ ಖಚಿತ ಮಾಡಿ, ಅಗೆಯಬೇಕು. ಮೊದಲ ಹತ್ತು ನಿಮಿಷದೊಳಗೆ ಹೊರತೆಗೆದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆ ಕಳೆದರೆ ಆ ಆಸೆ ಮೂರರಲ್ಲಿ ಒಂದಕ್ಕೆ ಇಳಿಯುತ್ತದೆ. ಕೆಳಗಿನಿಂದ ಸಹಾಯ ಬರುವ ಹೊತ್ತಿಗೆ ಈ ಸಮಯ ಕಳೆದಿರುತ್ತದೆ, ಆದ್ದರಿಂದ ಉಳಿಸುವವರು ಪಕ್ಕದಲ್ಲಿರುವ ಸಂಗಾತಿಗಳೇ.

ಬೀಕನ್‌ಗೆ ತಯಾರಕರು ಹೇಳಿದ ಹೊಸ ಆಲ್ಕಲೈನ್ ಬ್ಯಾಟರಿಯನ್ನೇ ಹಾಕಿ. ಜಾಕೆಟ್ಟಿನ ಕೆಳಗೆ, ಮೈಗೆ ಹತ್ತಿರ ಕಟ್ಟಿಕೊಳ್ಳಿ. ಮೊಬೈಲನ್ನು ಅದರಿಂದ ಕನಿಷ್ಠ 20 ಸೆಂ.ಮೀ., ಹುಡುಕುವಾಗ 50 ಸೆಂ.ಮೀ. ದೂರವಿಡಿ. ಪ್ಲಾಸ್ಟಿಕ್ ಸಲಿಕೆ ಬೇಡ, ಕುಸಿದು ನಿಂತ ಹಿಮ ಗಾರೆಯಷ್ಟು ಗಟ್ಟಿಯಾಗುತ್ತದೆ. ಸಲಕರಣೆ ಇದ್ದರೆ ಸಾಲದು. ಗುಲ್ಮಾರ್ಗ್ ತಲುಪಿದ ಮೊದಲ ಮಧ್ಯಾಹ್ನ ಹೋಟೆಲ್ ಮುಂದಿನ ಬಯಲಲ್ಲೇ ಒಂದು ಬೀಕನ್ ಹೂತು, ಸರದಿಯ ಮೇಲೆ ಹುಡುಕಿ ಅಗೆಯಿರಿ. ಕೈ ನಡುಗುವಾಗಲೂ ತಪ್ಪದಷ್ಟು ರೂಢಿಯಾಗಬೇಕು.

ಸಾದಾ ಸ್ಕೀ ಗುಲ್ಮಾರ್ಗ್‌ನಲ್ಲಿ ಸುಲಭವಾಗಿ ಬಾಡಿಗೆಗೆ ಸಿಗುತ್ತದೆ. ಟೂರಿಂಗ್ ಬೈಂಡಿಂಗ್ ಇರುವ ಸೆಟ್ಟನ್ನು ಮೊದಲೇ ಹೇಳಿಟ್ಟು, ಸ್ಕಿನ್ ನಿಮ್ಮ ಸ್ಕೀಯ ಅಗಲಕ್ಕೆ ಕತ್ತರಿಸಿದ್ದೇ ಎಂದು ನೋಡಿಕೊಳ್ಳಿ. ಬೂಟನ್ನು ಮಾತ್ರ ಸಾಧ್ಯವಾದರೆ ಸ್ವಂತದ್ದೇ ಒಯ್ಯಿರಿ. ಅಳತೆ ತಪ್ಪಿದ ಬೂಟಿನಿಂದ ಎರಡನೇ ದಿನಕ್ಕೇ ಹಿಮ್ಮಡಿ ಸುಲಿದು ಪ್ರವಾಸ ಮುಗಿಯುತ್ತದೆ.

ಕರ್ನಾಟಕದಿಂದ ಹೊರಡುವ ಮೊದಲು

ಸ್ಕೀಯನ್ನೇ ಕಾಣದವರು ನೇರವಾಗಿ ಟೂರಿಂಗ್‌ಗೆ ಇಳಿಯುವಂತಿಲ್ಲ. ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ. ಪಹಲ್‌ಗಾಮ್‌ನ ಜವಾಹರ್ ಸಂಸ್ಥೆ, ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಸಂಸ್ಥೆಗಳೂ ಚಳಿಗಾಲದಲ್ಲಿ ಸ್ಕೀ ಕೋರ್ಸ್ ನಡೆಸುತ್ತವೆ. ಒಂದು ಚಳಿಗಾಲ ಅಲ್ಲಿ ಕಲಿತು, ಎಂಥ ಹಿಮದಲ್ಲೂ ಬೀಳದೆ ತಿರುಗಿಸಿ ನಿಲ್ಲಿಸಲು ಬಂದ ಮೇಲೆ ಮುಂದಿನ ಚಳಿಗಾಲಕ್ಕೆ ಟೂರಿಂಗ್ ಇಟ್ಟುಕೊಳ್ಳಿ. ಇದನ್ನು ಓದಿ ಆತುರಪಡುವವರಿಗೆ ಬೇಸರವಾಗಬಹುದು, ಆದರೆ ನನಗೆ ತಿಳಿದಂತೆ ಇದಕ್ಕಿಂತ ಚಿಕ್ಕ ದಾರಿಯಿಲ್ಲ.

ಹಿಮವಿಲ್ಲದ ನಾಡಿನವರಿಗೆ ಇದೆಲ್ಲ ಒಗ್ಗದು ಎಂಬ ಅಳುಕು ಬೇಡ. 1948ರ ಡಿಸೆಂಬರ್‌ನಲ್ಲಿ ಗುಲ್ಮಾರ್ಗ್‌ನಲ್ಲಿ ಸೈನಿಕರಿಗಾಗಿ ಸ್ಕೀ ಶಾಲೆ ತೆರೆದದ್ದು 19ನೇ ಇನ್‌ಫೆಂಟ್ರಿ ಡಿವಿಷನ್. ಅದರ ದಂಡನಾಯಕರಾಗಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಕೆ.ಎಸ್. ತಿಮ್ಮಯ್ಯ. ಆ ಶಾಲೆಯೇ ಬೆಳೆದು ಇಂದಿನ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಆಗಿದೆ. ಖೇಲೋ ಇಂಡಿಯಾದಲ್ಲಿ ನಾರ್ಡಿಕ್ ಸ್ಕೀಯಿಂಗ್‌ನ ಚಿನ್ನ ಗೆದ್ದು ಕರ್ನಾಟಕಕ್ಕೆ ತಂದ ಭವಾನಿ ತೆಕ್ಕಡ ಕೂಡ ಕೊಡಗಿನವರೇ. ತಿಮ್ಮಯ್ಯನವರ ಹೆಸರಿನಲ್ಲಿ ರಾಜ್ಯ ಸರ್ಕಾರ ನಡೆಸುವ ಸಾಹಸ ಅಕಾಡೆಮಿ ಬಂಡೆ ಹತ್ತುವ ಶಿಬಿರಗಳನ್ನು ಏರ್ಪಡಿಸುತ್ತದೆ. ಹಗ್ಗ ಕಟ್ಟುವುದು, ಹಗ್ಗದ ಮೇಲೆ ಇಳಿಯುವುದು, ಎತ್ತರದಲ್ಲಿ ಕಾಲು ನಂಬುವುದು ಇವನ್ನು ರಾಮನಗರದ ಬಂಡೆಯಲ್ಲೋ ಬಾದಾಮಿಯ ಮರಳುಗಲ್ಲಿನಲ್ಲೋ ಕಲಿಯಬಹುದು.

ಕಾಲಿಗೆ ಕುಮಾರ ಪರ್ವತಕ್ಕಿಂತ ಒಳ್ಳೆಯ ಗರಡಿ ನಮ್ಮಲ್ಲಿಲ್ಲ. ಕುಕ್ಕೆಯಿಂದ 1,712 ಮೀಟರ್‌ನ ನೆತ್ತಿಗೆ ಏರುವಾಗ ಗಳಿಸುವ ಎತ್ತರ ಹತ್ತಿರ ಹತ್ತಿರ 1,600 ಮೀಟರ್. ಗುಲ್ಮಾರ್ಗ್‌ನ ಒಂದು ದೊಡ್ಡ ಟೂರಿಂಗ್ ದಿನಕ್ಕಿಂತಲೂ ಅದು ಹೆಚ್ಚು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುತ್ತಾರೆ, ಹಾಗಾಗಿ ಅಕ್ಟೋಬರ್‌ನಿಂದ ಜನವರಿಯೊಳಗೆ ಅರಣ್ಯ ಇಲಾಖೆಯ ಅನುಮತಿ ಪಡೆದು ಹತ್ತಿ. ಹತ್ತುವುದಕ್ಕಿಂತ ಇಳಿಯುವಾಗ ತೊಡೆಗೆ ಬೀಳುವ ದುಡಿಮೆಯನ್ನು ಗಮನಿಸಿ, ಸ್ಕೀ ಬೇಡುವುದು ಅದನ್ನೇ.

ಬೆಂಗಳೂರು 920 ಮೀಟರ್ ಎತ್ತರದ ಊರು. ಅಲ್ಲಿಂದ ಒಂದೇ ದಿನದಲ್ಲಿ ಗುಲ್ಮಾರ್ಗ್ ಮುಟ್ಟಿ, ಮರುಬೆಳಿಗ್ಗೆ ಗೊಂಡೊಲಾದಲ್ಲಿ 3,950 ಮೀಟರ್‌ಗೆ ಹಾರಿದರೆ ತಲೆ ಸಿಡಿಯುವುದು ಸಹಜ. ಅಲ್ಲಿ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆ. ಎರಡು ದಿನ ಕೆಳಗಿನ ಕಾಡಿನ ಇಳಿಜಾರುಗಳಲ್ಲಿ ಅಭ್ಯಾಸ ಮಾಡಿ. ತಲೆನೋವಿನ ಜೊತೆ ವಾಂತಿ, ತೂರಾಟ ಕಂಡರೆ ತಕ್ಷಣ ಕೆಳಗಿಳಿಯಿರಿ.

ಹಿಮದ ಓಣಿ ಹತ್ತುವವರಿಗೆ

ಎರಡು ಬಂಡೆಗಳ ನಡುವೆ ಹಿಮ ತುಂಬಿದ ಕಡಿದಾದ ಓಣಿಗಳನ್ನು ಬೂಟಿಗೆ ಮುಳ್ಳಿನ ಕ್ರ್ಯಾಂಪಾನ್ ಕಟ್ಟಿ, ಐಸ್ ಆ್ಯಕ್ಸ್ ಎಂಬ ಕೊಡಲಿ ಊರಿ ಹತ್ತಲು ಮಾರ್ಚ್ ಒಳ್ಳೆಯ ತಿಂಗಳು. ಹಿಮ ಗಟ್ಟಿಯಾಗಿ ಮೆಟ್ಟಿಲು ನಿಲ್ಲುತ್ತದೆ. ಆದರೆ ಓಣಿ ಎಂದರೆ ಮೇಲಿಂದ ಬೀಳುವ ಕಲ್ಲು, ಹಿಮ ಎಲ್ಲವೂ ಹರಿಯುವ ಕಾಲುವೆ. ಬಿಸಿಲು ನೆತ್ತಿಯ ಬಂಡೆಗಳನ್ನು ಮುಟ್ಟುವ ಮೊದಲೇ ಹೊರಬಿದ್ದಿರಬೇಕು. ಹತ್ತಲು ಶುರು ಮಾಡುವ ಮೊದಲು, ಜಾರಿದರೆ ಕೊಡಲಿಯಿಂದ ತಡೆದು ನಿಲ್ಲುವುದನ್ನು ಅಪಾಯವಿಲ್ಲದ ಇಳಿಜಾರಿನಲ್ಲಿ ಬೆನ್ನ ಮೇಲೆ, ಹೊಟ್ಟೆಯ ಮೇಲೆ, ತಲೆಕೆಳಗಾಗಿ ಬಿದ್ದು ಅಭ್ಯಾಸ ಮಾಡಿ. ತಂಗ್‌ಮರ್ಗ್ ಬಳಿಯ ದ್ರಂಗ್‌ನಂಥ ಹೆಪ್ಪುಗಟ್ಟಿದ ಜಲಪಾತಗಳು ಜನವರಿಯ ಸಂಗತಿ. ಫೆಬ್ರವರಿ ಕೊನೆಗೆ ಬಂಡೆಗೂ ಹಿಮಗಲ್ಲಿಗೂ ನಡುವೆ ನೀರು ಹರಿಯುವ ಸದ್ದು ಕೇಳಿದರೆ ಅದರ ಕೆಳಗೆ ಫೋಟೊ ತೆಗೆಯಲೂ ನಿಲ್ಲಬೇಡಿ.

ಇನ್ನು ಕೆಲವು ಚಿಲ್ಲರೆ, ಆದರೆ ಬೇಕಾದವು

ಹೊರಗಿನ ರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ವಿದೇಶದಲ್ಲಿರುವ ಕನ್ನಡಿಗರು ಉಪಗ್ರಹ ಫೋನ್, ಉಪಗ್ರಹ ಸಂದೇಶದ ಸಾಧನಗಳನ್ನು ತರಬೇಡಿ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಇವು ಭಾರತದಲ್ಲಿ ಕಾನೂನುಬಾಹಿರ, ವಿಮಾನ ನಿಲ್ದಾಣದಲ್ಲೇ ತೊಂದರೆಯಾಗುತ್ತದೆ. ಪ್ರವಾಸ ವಿಮೆಯಲ್ಲಿ ‘ಸ್ಕೀಯಿಂಗ್’ ಎಂದಿದ್ದರೆ ಸಾಲದು. ಗುರುತು ಮಾಡಿದ ಹಾದಿಯಾಚೆಗಿನ ಸ್ಕೀಯಿಂಗ್‌ಗೂ ಹೊತ್ತು ತರುವ ಖರ್ಚಿಗೂ ರಕ್ಷಣೆ ಇದೆಯೇ ಎಂದು ಬರಹದಲ್ಲಿ ಪಡೆಯಿರಿ. ಹಿಮದಿಂದ ಪ್ರತಿಫಲಿಸುವ ಬಿಸಿಲಿಗೆ ಮೂಗಿನ ಹೊಳ್ಳೆ, ಗಲ್ಲದ ಅಡಿ ಸುಡುತ್ತದೆ, ಅಲ್ಲಿಗೂ ಸನ್‌ಸ್ಕ್ರೀನ್ ಹಚ್ಚಿ. ಕಪ್ಪು ಕನ್ನಡಕ ಇನ್ನೊಂದು ಜೊತೆ ಇರಲಿ, ಒಂದು ಮುರಿದರೆ ಹಿಮಗುರುಡು ಬರಲು ಅರ್ಧ ದಿನ ಸಾಕು. ನೀರಿನ ಕೊಳವೆ ಹೆಪ್ಪುಗಟ್ಟುತ್ತದೆ, ಫ್ಲಾಸ್ಕ್ ಒಯ್ಯಿರಿ.

ತಂಗ್‌ಮರ್ಗ್‌ನಿಂದ ಗುಲ್ಮಾರ್ಗ್‌ವರೆಗಿನ 13 ಕಿ.ಮೀ. ದಾರಿಗೆ ಹಿಮವಿದ್ದಾಗ ಚಕ್ರಕ್ಕೆ ಸರಪಳಿ ಕಟ್ಟಿದ ವಾಹನಗಳನ್ನೇ ಬಿಡುತ್ತಾರೆ. ಗಾಡಿ ಗೊತ್ತು ಮಾಡುವಾಗಲೇ ಸರಪಳಿ ಇದೆಯೇ ಎಂದು ಚಾಲಕರನ್ನು ಕೇಳಿ, ಇಲ್ಲದಿದ್ದರೆ ತಂಗ್‌ಮರ್ಗ್‌ನಲ್ಲಿ ಇಳಿದು ಇನ್ನೊಂದು ಗಾಡಿ ಹಿಡಿಯಬೇಕಾಗುತ್ತದೆ. ಸ್ಕೀ ಚೀಲ ಹೊತ್ತು ಬದಲಿಸಲು ಅರ್ಧ ಗಂಟೆ ಹೆಚ್ಚು ಇಟ್ಟುಕೊಳ್ಳಿ.